ಮುಗ್ಧತೆಯೂ ತಿಳಿವಳಿಕೆಯೂ

ಈ ಹೊತ್ತು ನಾನು ತಮ್ಮೊಡನೆ ಮಾತನಾಡಬೇಕೆಂದಿರುವ ವಿಷಯ ಹೊಸದಲ್ಲ. ಹುಟ್ಟಿದವರೆಲ್ಲರೂ ಬೆಳೆಯುತ್ತಾರೆ, ಬೆಳೆದವರೆಲ್ಲರೂ ತಮ್ಮ ಮುಗ್ಧತೆಯನ್ನು ದಾರಿಯಲ್ಲಿ ಎಲ್ಲಿಯೋ ಕಳೆದುಕೊಂಡಿರುತ್ತಾರೆ. ಸಾಮಾನ್ಯವಾಗಿ ನಾವು ಈ ನಷ್ಟವನ್ನು ಕುರಿತು ಮಾತನಾಡುವಾಗ, ಮಣ್ಣಿನ ಗಡಿಗೆ ಕೈಜಾರಿ ಒಡೆದಂತೆ ಅದು ಒಂದೇ ಬಾರಿ, ಒಂದು ಗೊತ್ತಾದ ದಿನ ನಡೆದುಹೋಯಿತೆಂದು ಭಾವಿಸುತ್ತೇವೆ. ಎಂಬತ್ತರ ಸಮೀಪಕ್ಕೆ ಬಂದಿರುವ ನನಗೆ ಈ ಭಾವನೆ ಅಷ್ಟು ಸರಿಯಾದುದಲ್ಲವೆಂದು ತೋರುತ್ತದೆ. ಮುಗ್ಧತೆ ಹುಡುಗರ ಸೊತ್ತು ಮಾತ್ರವಲ್ಲ. ಹತ್ತು ವರ್ಷದವನಿಗೆ ಒಂದು ಬಗೆಯ ಮುಗ್ಧತೆ, ಇಪ್ಪತ್ತರವನಿಗೆ ಇನ್ನೊಂದು, ಐವತ್ತರವನಿಗೆ ಮತ್ತೊಂದು. ಒಂದೊಂದೂ ತನ್ನ ತನ್ನ ಕಾಲಕ್ಕೆ ಹೋಗುತ್ತದೆ, ಹೋಗಲೂ ಬೇಕು. ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯಿಂದ ಹೆಚ್ಚು ಪ್ರಯೋಜನವಿಲ್ಲ. ಅದು ಹೋಗುವಾಗ ತನ್ನ ಜೊತೆಯಲ್ಲಿ ಇನ್ನೇನನ್ನು ಕೊಂಡೊಯ್ಯುತ್ತದೆ ಎಂಬುದನ್ನು ಮಾತ್ರ ನಾವು ಎಚ್ಚರದಿಂದ ನೋಡಿಕೊಳ್ಳಬೇಕು.

ಇದನ್ನು ಶಾಸ್ತ್ರದ ಮಾತಿನಲ್ಲಿ ವಿವರಿಸುವ ಪಾಂಡಿತ್ಯ ನನಗಿಲ್ಲ. ನಾನು ಬಲ್ಲ ಒಂದು ಊರಿನ, ಒಂದು ಮನೆಯ ಸಂಗತಿಯಿಂದ ಹೇಳಲು ಪ್ರಯತ್ನಿಸುತ್ತೇನೆ.

ನಮ್ಮ ಊರು ಶಿವಮೊಗ್ಗ ಜಿಲ್ಲೆಯ ಭದ್ರಾವತಿ. ಅದರಲ್ಲಿಯೂ ಹಳೆಯ ಊರು. ಜನರ ಬಾಯಲ್ಲಿ ಓಲ್ಡ್ ಟೌನ್. ಭದ್ರಾ ನದಿಯ ಒಂದು ದಡದಲ್ಲಿ ಈ ಹಳೆಯ ಊರು, ಅದರ ನಡುವೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯ. ಇನ್ನೊಂದು ದಡದಲ್ಲಿ ಕಬ್ಬಿಣದ ಕಾರ್ಖಾನೆ, ಅದನ್ನು ಆಶ್ರಯಿಸಿ ಬೆಳೆದ ನ್ಯೂ ಟೌನ್. ಮೈಸೂರು ಸಂಸ್ಥಾನದವರು 1918ರಲ್ಲಿ ಕೈಗೊಂಡ ಈ ಉದ್ಯಮದ ಊದುಕುಲುಮೆ 1923ರಲ್ಲಿ ಉರಿಯತೊಡಗಿತು. ಬಾಬಾಬುಡನ್‌ಗಿರಿಯ ಸಾಲಿನಲ್ಲಿರುವ ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡುಗಳಿಂದ ಸೌದೆ. ಆ ಸೌದೆಯಿಂದ ಮಾಡಿದ ಇದ್ದಿಲಿನಲ್ಲಿಯೇ ಅದಿರು ಕರಗಿ ಬೀಡು ಕಬ್ಬಿಣವಾಗುತ್ತಿತ್ತು.

ನಾನು ಹುಡುಗನಾಗಿದ್ದಾಗ, 1950ರ ಆಚೀಚೆ, ನಮ್ಮ ಬೀದಿಯ ಮಕ್ಕಳಿಗೆ ಈ ಸಂಗತಿಗಳೊಂದೂ ತಿಳಿಯದು. ನಮಗೆ ತಿಳಿದಿದ್ದುದು ಹೊಳೆಯಾಚೆಯ ಆಕಾಶ ರಾತ್ರಿ ಹೊತ್ತು ಇದ್ದಕ್ಕಿದ್ದ ಹಾಗೆ ಕೆಂಪಗಾಗುತ್ತದೆ ಎಂಬುದು. ಕುಲುಮೆಯಿಂದ ಹೊರಬಂದ ಕಾದ ಕಿಟ್ಟವನ್ನು ಸುರಿದಾಗ ಏಳುವ ಬೆಳಕು ಅದು. ನೀರಿನಲ್ಲಿ ಅದರ ನೆರಳು ಬಿದ್ದು ಹೊಳೆಯೂ ಕೆಂಪಾಗುತ್ತಿತ್ತು. ಊರಿಗೆ ಹಿಂದೆ ಬೆಂಕಿಪುರವೆಂದು ಹೆಸರಿದ್ದುದನ್ನು ಹಿರಿಯರ ಬಾಯಿಂದ ಕೇಳಿದ್ದ ನಾವು, ಈ ಬೆಂಕಿಯಿಂದಲೇ ಆ ಹೆಸರು ಬಂತೆಂದು ತೀರ್ಮಾನಿಸಿಕೊಂಡಿದ್ದೆವು. ಶಾಲೆಯ ಮೇಷ್ಟರು ಒಂದು ದಿನ ನಕ್ಕು, "ಕಾರ್ಖಾನೆ ಬರುವುದಕ್ಕೆ ಎಷ್ಟೋ ಕಾಲ ಮುಂಚೆಯೇ ಇದು ಬೆಂಕಿಪುರ ಕಣಯ್ಯ, ವಂಕಿ ಎಂಬ ಋಷಿಯ ಹೆಸರಿನಿಂದ ವಂಕಿಪುರವಾಗಿ, ಆಮೇಲೆ ಬೆಂಕಿಪುರವಾಯಿತೆಂದು ಹೇಳುತ್ತಾರೆ" ಎಂದರು. ಅಂದು ನನಗೆ ಸ್ವಲ್ಪ ಪೆಚ್ಚಾಯಿತು, ಅಷ್ಟೆ. ತಪ್ಪು ತಿಳಿವಳಿಕೆ ಹೋಗಿ ಸರಿಯಾದ ತಿಳಿವಳಿಕೆ ಬಂದರೆ ಮನುಷ್ಯನಿಗೆ ಯಾವ ಗಾಯವೂ ಆಗುವುದಿಲ್ಲ. ಗಾಯವಾಗಬೇಕಾದರೆ ಆ ತಪ್ಪು ತಿಳಿವಳಿಕೆಯ ಹಿಂದೆ ನಾವು ನಂಬಿದ ಒಬ್ಬ ಮನುಷ್ಯನಿರಬೇಕು.

ನನ್ನ ವಿಷಯದಲ್ಲಿ ಅಂಥ ಮನುಷ್ಯರು ನಮ್ಮ ತಂದೆಯವರು. ಅವರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ರಾತ್ರಿಯ ಪಾಳಿಗೆ ಹೊರಡುವ ಮುನ್ನ, ಜಗಲಿಯ ಮೇಲೆ ಕುಳಿತಿದ್ದ ನನ್ನ ತಲೆಯನ್ನು ನೇವರಿಸಿ, "ನೋಡ್ತಾ ಇರು ಮಗು, ನಿದ್ದೆ ಬರೋ ಹೊತ್ತಿಗೆ ನಿನಗೋಸ್ಕರ ಬೆಳಕು ಹಾಕ್ತೀನಿ" ಎನ್ನುತ್ತಿದ್ದರು. ನಾನು ಕಾದಿರುತ್ತಿದ್ದೆ. ಆಕಾಶ ಕೆಂಪಾಗುತ್ತಿತ್ತು. ಅಪ್ಪ ಹೇಳಿದ ಮಾತು ನಡೆಸಿದರೆಂಬ ನೆಮ್ಮದಿಯಲ್ಲಿ ಮಲಗುತ್ತಿದ್ದೆ. ಬೀದಿಯ ಹುಡುಗರೊಡನೆ, "ನಮ್ಮಪ್ಪನೇ ಅದನ್ನು ಹಚ್ಚೋದು" ಎಂದು ಹೇಳಿಕೊಳ್ಳುತ್ತಿದ್ದೆನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನನಗೆ ಒಂಬತ್ತೋ ಹತ್ತೋ ವರ್ಷವಾಗಿದ್ದಾಗ ಒಂದು ದಿನ ಅವರು ಬುತ್ತಿಯನ್ನು ಮರೆತು ಹೋದರು. ತಾಯಿ ಅದನ್ನು ನನ್ನ ಕೈಗೆ ಕೊಟ್ಟು, ನೆರೆಮನೆಯ ಹಿರಿಯರೊಬ್ಬರ ಜೊತೆಮಾಡಿ ಕಳುಹಿಸಿದರು. ಸೇತುವೆ ದಾಟಿ ಹೋದೆ. ಕುಲುಮೆಯ ಪಕ್ಕದಲ್ಲಿ ಬೆಂಕಿಯನ್ನು ಆಳುತ್ತ ನಿಂತಿರುವ ತಂದೆಯನ್ನು ನೋಡುವೆನೆಂಬ ಉತ್ಸಾಹ. ಬಾಗಿಲಲ್ಲಿಯೇ ಅವರು ಸಿಕ್ಕಿದರು. ಒಂದು ಕಿಟಕಿಯ ಹಿಂದೆ ನಿಂತು, ಹಲಗೆಯ ಮೊಳೆಗಳಿಗೆ ನೇತುಹಾಕಿದ್ದ ಹಿತ್ತಾಳೆಯ ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು, ಒಳಗೆ ಹೋಗುವ ಕೆಲಸಗಾರರಿಗೆ ಕೊಡುತ್ತಿದ್ದರು. ಯಾರೋ ಒಬ್ಬರು ತಡವಾಯಿತೆಂದು ಅವರನ್ನು ಗದರಿಸಿದರು. ಅವರು ತಲೆ ತಗ್ಗಿಸಿದರು. ತಲೆ ಎತ್ತಿದಾಗ ಎದುರಿಗೆ ನಾನಿದ್ದೆ.

ಅವರು ಏನನ್ನೂ ಹೇಳಲಿಲ್ಲ. ನಾನೂ ಏನನ್ನೂ ಕೇಳಲಿಲ್ಲ. ಬುತ್ತಿಯನ್ನು ಕೊಟ್ಟು ಬಂದೆ. ಅಂದಿನಿಂದ ಅವರು ಬೆಳಕಿನ ಮಾತನ್ನು ಎತ್ತಲಿಲ್ಲ. ನಾನು ಜಗಲಿಯ ಮೇಲೆ ಕಾಯುವುದನ್ನು ಬಿಟ್ಟೆ.

ಆ ದಿನ ನಾನು ಕಳೆದುಕೊಂಡದ್ದೇನು? ತಂದೆ ಸುಳ್ಳು ಹೇಳಿದ್ದರೆಂಬುದು ತಿಳಿದದ್ದು ಒಂದು. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅದನ್ನು ನಾನು ಬಹಳ ವರ್ಷಗಳ ಮೇಲೆ ಗುರುತಿಸಿದೆ. ಅಂದು ಮನೆಗೆ ಬಂದಾಗ ತಾಯಿ, "ಅಪ್ಪ ಸಿಕ್ಕಿದರಾ?" ಎಂದು ಕೇಳಿದರು. "ಸಿಕ್ಕಿದರು" ಎಂದೆ. ಕಂಡದ್ದನ್ನು ಹೇಳಲಿಲ್ಲ. ನನ್ನ ಜೀವಮಾನದಲ್ಲಿ ಮೊಟ್ಟಮೊದಲು ನಾನು ಒಂದು ಸಂಗತಿಯನ್ನು ತಿಳಿದೂ ತಿಳಿಯದವನಂತೆ ನಡೆದುಕೊಂಡದ್ದು ಅಂದು. ಮಗುವಿಗೂ ದೊಡ್ಡವರಿಗೂ ಇರುವ ವ್ಯತ್ಯಾಸ ಇದೇ ಅಲ್ಲವೆ? ಮಗು ಅನೇಕ ಸಂಗತಿಗಳನ್ನು ಅರಿಯದು; ಆದರೆ ಅರಿತುದನ್ನು ಮುಚ್ಚಿಡದು. ಮುಗ್ಧತೆ ಅಳಿಯಲು ಲೋಕದ ಕೆಟ್ಟತನ ಕಣ್ಣಿಗೆ ಬಿದ್ದರೆ ಸಾಲದು; ಕಂಡದ್ದನ್ನು ಒಳಗಿಟ್ಟುಕೊಂಡು ಹೊರಗೆ ಬೇರೊಂದು ಮುಖ ತೋರುವುದನ್ನು ನಾವೂ ಕಲಿಯಬೇಕು. ಆ ಪಾಠವನ್ನು ನಾನು ಆ ಒಂದು ಮಧ್ಯಾಹ್ನದಲ್ಲಿ ಚೆನ್ನಾಗಿ ಕಲಿತೆ. ಅದರ ಜೊತೆಗೆ ಒಂದು ತಿರಸ್ಕಾರವನ್ನೂ ಕಲಿತೆ. ಮುಂದೆ ನಾಲ್ಕಕ್ಷರ ಓದಿ ಉಪಾಧ್ಯಾಯನಾದಾಗಲೂ ತಂದೆಯವರ ಮಾತಿನಲ್ಲಿ ನನಗೆ ಸ್ವಲ್ಪ ಅವಜ್ಞೆ ಇದ್ದೇ ಇತ್ತು. ಅದನ್ನು ನಾನು ವಿವೇಕವೆಂದು ಭಾವಿಸಿದ್ದೆ.

ತಂದೆಯ ಕೊರತೆಯನ್ನು ಕಂಡ ಹುಡುಗ ಲೋಕದಲ್ಲಿ ನಾನೊಬ್ಬನೇ ಅಲ್ಲ. ಕಠೋಪನಿಷತ್ತಿನ ನಚಿಕೇತನ ಕಥೆ ತಮಗೆಲ್ಲ ತಿಳಿದದ್ದೇ. ನಾವು ಸಾಧಾರಣವಾಗಿ ಅದನ್ನು ಸಾವಿನ ರಹಸ್ಯವನ್ನು ಕೇಳಿದ ಬಾಲಕನ ಕಥೆಯೆಂದು ಓದುತ್ತೇವೆ. ಆದರೆ ಅದು ಆರಂಭವಾಗುವುದು ಬೇರೆಡೆಯಲ್ಲಿ. ತಂದೆ ಸರ್ವಸ್ವವನ್ನೂ ದಾನಮಾಡುವೆನೆಂದು ಯಾಗ ಹಿಡಿದು, ಕರೆಯಲಾರದ ಮುದಿ ಹಸುಗಳನ್ನು ಕೊಡುತ್ತಿದ್ದಾನೆ. ಮಗ ಅದನ್ನು ನೋಡಿಬಿಡುತ್ತಾನೆ. ಈ ನೋಟವೇ ಅವನ ಬಾಲ್ಯದ ಕೊನೆ. ಅವನು ನನ್ನಂತೆ ಮೌನವಾಗಿರಲಿಲ್ಲ, "ನನ್ನನ್ನು ಯಾರಿಗೆ ಕೊಡುವೆ?" ಎಂದು ಮತ್ತೆ ಮತ್ತೆ ಕೇಳಿದ. ಸಿಟ್ಟಿಗೆದ್ದ ತಂದೆ ಮೃತ್ಯುವಿಗೆ ಕೊಟ್ಟೆನೆಂದುಬಿಟ್ಟ. ಇದುವರೆಗಿನ ಕಥೆಯಲ್ಲಿ ಆಶ್ಚರ್ಯವಿಲ್ಲ. ಇಂಥದು ಪ್ರತಿ ಮನೆಯಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ನಡೆಯುತ್ತದೆ. ಆಶ್ಚರ್ಯವಿರುವುದು ಮುಂದೆ. ಯಮನು ಮೂರು ವರಗಳನ್ನು ಕೇಳೆಂದಾಗ ಆ ಹುಡುಗ ಮೊದಲು ಕೇಳಿದ್ದು ಬ್ರಹ್ಮಜ್ಞಾನವನ್ನಲ್ಲ. ತಂದೆಯ ಕೋಪ ಶಮನವಾಗಲಿ, ನಾನು ಹಿಂದಿರುಗಿದಾಗ ನನ್ನನ್ನು ಗುರುತಿಸಿ ಪ್ರೀತಿಯಿಂದ ಮಾತನಾಡಿಸಲಿ ಎಂಬುದೇ ಅವನ ಮೊದಲನೆಯ ವರ. ತಂದೆಯ ದೋಷವನ್ನು ಅವನು ಮರೆತಿರಲಿಲ್ಲ. ಆ ದೋಷ ಸುಳ್ಳೆಂದು ತನಗೆ ತಾನೇ ಹೇಳಿಕೊಳ್ಳಲೂ ಇಲ್ಲ. ತಿಳಿದಿದ್ದೂ ತಂದೆಯನ್ನು ಬಿಡಲಿಲ್ಲ. ಮುಗ್ಧತೆ ಹೋದ ಮೇಲೆ ಅದರ ಸ್ಥಾನದಲ್ಲಿ ಬರಬೇಕಾದ ವಸ್ತು ಇದೇ ಎಂದು ನನಗೆ ಈಗ ತೋರುತ್ತದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಬಗೆಯ ಅನುಭವವನ್ನೂ ಹೇಳಬೇಕು. ನಮ್ಮ ಜಿಲ್ಲೆಯ ತೀರ್ಥಹಳ್ಳಿ ಸೀಮೆಯವರಾದ ಯು. ಆರ್. ಅನಂತಮೂರ್ತಿಯವರು ಬರೆದ 'ಘಟಶ್ರಾದ್ಧ' ಎಂಬ ಕಥೆಯನ್ನು ತಾವು ಓದಿರಬಹುದು. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಮಾಡಿದ ಚಲನಚಿತ್ರವನ್ನಾದರೂ ನೋಡಿರಬಹುದು. ಅಗ್ರಹಾರದ ಪಾಠಶಾಲೆಗೆ ಬಂದ ಒಬ್ಬ ಚಿಕ್ಕ ಹುಡುಗ, ತನಗೆ ಅಕ್ಕರೆ ತೋರಿದ ಒಬ್ಬ ಎಳೆಯ ವಿಧವೆಯನ್ನು ದೊಡ್ಡವರೆಲ್ಲ ಸೇರಿ ಹೊರಗೆ ಹಾಕುವುದನ್ನು ನೋಡುತ್ತಾನೆ. ಬದುಕಿರುವವಳಿಗೇ ಶ್ರಾದ್ಧ ನಡೆಯುತ್ತದೆ. ಆ ಹುಡುಗನಿಗೆ ತಿಳಿದದ್ದು ದೊಡ್ಡವರ ಕ್ರೌರ್ಯ ಮಾತ್ರವಲ್ಲ. ತನ್ನ ಅಸಹಾಯತೆ ಕೂಡ. ಪ್ರೀತಿಸಿದವರನ್ನು ನಾನು ರಕ್ಷಿಸಲಾರೆ ಎಂಬ ತಿಳಿವಳಿಕೆ, ನನ್ನ ಹಿರಿಯರು ಒಳ್ಳೆಯವರಲ್ಲ ಎಂಬ ತಿಳಿವಳಿಕೆಗಿಂತ ಆಳಕ್ಕೆ ಇಳಿಯುತ್ತದೆ. ಅಂಥ ಗಾಯವನ್ನು ಕ್ಷಮೆಯ ಮಾತಿನಿಂದ ಮುಚ್ಚಿಬಿಡಬಹುದೆಂದು ನಾನು ಹೇಳಲಾರೆ. ಪ್ರೀತಿಯಿಂದ ಹುಟ್ಟಿದ ಸುಳ್ಳೂ ಕ್ರೌರ್ಯವನ್ನು ಮರೆಮಾಡುವ ಸುಳ್ಳೂ ಒಂದೇ ಅಲ್ಲ. ಅವೆರಡನ್ನೂ ಬೇರ್ಪಡಿಸಿ ನೋಡಲು ಕಲಿಯುವುದೂ ಬೆಳೆಯುವುದರಲ್ಲಿ ಸೇರಿದೆ; ನಾನು ಹತ್ತನೆಯ ವಯಸ್ಸಿನಲ್ಲಿ ಅದನ್ನು ಕಲಿತಿರಲಿಲ್ಲ.

ಎರಡನೆಯ ಮುಗ್ಧತೆ ಯೌವನದ್ದು. ಯುವಕನು ತನ್ನ ಮನೆಯವರನ್ನು ನಂಬದಿದ್ದರೂ ದೊಡ್ಡ ಕಾರ್ಯಗಳನ್ನು ನಂಬುತ್ತಾನೆ. ನನಗೆ ಆಗ ಕಾರ್ಖಾನೆಯೇ ನಾಡಿನ ಏಳಿಗೆಯ ಮೂರ್ತಿಯಾಗಿತ್ತು. ಒಮ್ಮೆ ಬೇಸಗೆಯಲ್ಲಿ ಸ್ನೇಹಿತರೊಡನೆ ನರಸಿಂಹರಾಜಪುರದ ಕಡೆಯ ಕಾಡಿಗೆ ಹೋಗಿದ್ದೆ. ಹಿರಿಯರೊಬ್ಬರು ಒಂದು ಬೋಳು ಗುಡ್ಡವನ್ನು ತೋರಿಸಿ, "ಇಲ್ಲಿಯ ಮರವೆಲ್ಲ ನಿಮ್ಮೂರಿಗೆ ಹೋಯಿತು" ಎಂದರು. ಅವರ ದನಿಯಲ್ಲಿ ದೂರಿರಲಿಲ್ಲ. ಲೆಕ್ಕ ಒಪ್ಪಿಸುವ ಹಾಗೆ ಹೇಳಿದರು. ನನ್ನ ಬಾಲ್ಯದ ರಾತ್ರಿಗಳನ್ನು ಬೆಳಗಿದ ಆ ಕೆಂಪು ಈ ಗುಡ್ಡದ ಹಸುರೇ ಎಂದು ಅಂದು ಹೊಳೆಯಿತು. ಒಳ್ಳೆಯದೆಂದು ನಾವು ಕರೆಯುವ ಪ್ರತಿಯೊಂದಕ್ಕೂ ಬೇರೆಲ್ಲಿಯೋ ಬೆಲೆ ಕೊಟ್ಟವರು ಇರುತ್ತಾರೆ. ಅವರು ಮನುಷ್ಯರಾಗಿರಬಹುದು, ಮರಗಳಾಗಿರಬಹುದು.

ಇದನ್ನು ತಿಳಿದ ತರುಣನು ಒಡನೆಯೇ ಎಲ್ಲವೂ ಮೋಸವೆಂದು ಕೈಚೆಲ್ಲುವುದುಂಟು. ನಾನೂ ಕೆಲವು ಕಾಲ ಹಾಗೆಯೇ ಮಾತನಾಡುತ್ತಿದ್ದೆ. ಅದನ್ನು ತಿದ್ದಿದ್ದು ಆ ಕಾರ್ಖಾನೆಯದೇ ಇತಿಹಾಸ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಈ ಉದ್ಯಮಕ್ಕೆ ಅಡಿಪಾಯ ಹಾಕಿದರು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಇಳಿಯಿತು. ಹಾಕಿದ ಹಣ ನೀರುಪಾಲಾಯಿತೆಂಬ ಟೀಕೆ ಎದ್ದಿತು. 1923ರಲ್ಲಿ, ಅರುವತ್ತು ದಾಟಿದ್ದ ಅವರನ್ನು ಸರ್ಕಾರವು ಕಾರ್ಖಾನೆಯ ಮಂಡಲಿಯ ಅಧ್ಯಕ್ಷರಾಗಲು ಕರೆಯಿತು. ತಾವು ಕಂಡ ಕನಸು ಕಾಗದದ ಮೇಲಿದ್ದಂತೆ ನಡೆಯಲಿಲ್ಲವೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ತಿಳಿದಿತ್ತು? ಆದರೂ ಬಂದು, 1929ರವರೆಗೆ ಇದ್ದು, ವೆಚ್ಚವನ್ನು ಹಿಡಿತಕ್ಕೆ ತಂದು, ನಮ್ಮವರಿಗೇ ಕೆಲಸ ಕಲಿಸಿ ಅದನ್ನು ನಿಲ್ಲಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣ ಬೆಂಗಳೂರಿನಲ್ಲಿ ಒಂದು ಔದ್ಯೋಗಿಕ ಶಾಲೆಗೆ ಸಲ್ಲುವಂತೆ ಮಾಡಿದರು. ಅದಕ್ಕೆ ತಮ್ಮ ಹೆಸರನ್ನಿಡಗೊಡದೆ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಿಸಿದರು. ಫಲ ಖಂಡಿತವೆಂದು ನಂಬಿ ದುಡಿಯುವುದು ತರುಣರಿಗೆ ಸುಲಭ. ಖಂಡಿತವಲ್ಲವೆಂದು ತಿಳಿದೂ ದುಡಿಯುವುದು ಬೆಳೆದವರ ಕೆಲಸ.

ಇನ್ನು ಮೂರನೆಯದು, ಇದನ್ನು ಹೇಳುವುದು ನನಗೆ ಕಷ್ಟ. ನಡುವಯಸ್ಸಿನವರ ಮುಗ್ಧತೆ ಎಂದರೆ, ಇರುವುದು ಹೀಗೆಯೇ ಇರುತ್ತದೆ ಎಂಬ ನಂಬಿಕೆ. ನಮ್ಮ ಊರಿನಲ್ಲಿ ಇದು ಎಲ್ಲರ ನಂಬಿಕೆಯಾಗಿತ್ತು. ಕಬ್ಬಿಣದ ಕಾರ್ಖಾನೆಯ ಜೊತೆಗೆ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಇತ್ತು. ಪಾಳಿಯ ಸೈರನ್ನಿನ ಕೂಗಿಗೆ ಹೆಂಗಸರು ಒಲೆ ಹಚ್ಚುತ್ತಿದ್ದರು; ಮಕ್ಕಳು ಶಾಲೆಗೆ ಹೊರಡುತ್ತಿದ್ದರು. ಹೊಳೆಯಾಚೆ ಎಂದಾದರೂ ಕತ್ತಲಾದೀತೆಂದು ಯಾರೂ ಎಣಿಸಿರಲಿಲ್ಲ.

ನನ್ನ ಮಗ ಡಿಪ್ಲೊಮಾ ಮುಗಿಸಿದ್ದು 1990ರ ದಶಕದಲ್ಲಿ. ಕಾಲ ಆಗಲೇ ಬದಲಾಗಿತ್ತು. ಹೊಸಬರನ್ನು ತೆಗೆದುಕೊಳ್ಳುವುದು ಕಡಮೆಯಾಗಿತ್ತು. "ಅಪ್ಪಾ, ನನಗೆ ಇಲ್ಲೇ ಕೆಲಸ ಸಿಗುತ್ತಾ?" ಎಂದು ಅವನು ಕೇಳಿದ. "ಸಿಗದೆ ಏನು? ನಾನು ಹೇಳಬೇಕಾದವರಿಗೆ ಹೇಳಿದ್ದೇನೆ" ಎಂದೆ. ಮಹನೀಯರೇ, ನಾನು ಯಾರಿಗೂ ಹೇಳಿರಲಿಲ್ಲ. ಹೇಳಲು ನನಗೆ ಅಂಥವರು ಯಾರೂ ಇರಲಿಲ್ಲ. ಮಗನ ಮುಖ ಬಾಡುವುದನ್ನು ನೋಡಲಾರದೆ ಬಾಯಿಂದ ಆ ಮಾತು ಬಂತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಧೈರ್ಯವಾಗಲಿಲ್ಲ. ನನ್ನ ಮಾತನ್ನು ನಂಬಿ ಅವನು ಎರಡು ವರ್ಷ ಕಾದ. ಮೊದಮೊದಲು ವಾರಕ್ಕೊಮ್ಮೆ ಕೇಳುತ್ತಿದ್ದವನು ಆಮೇಲೆ ತಿಂಗಳಿಗೊಮ್ಮೆ ಕೇಳಿದ. ಒಂದು ದಿನದಿಂದ ಕೇಳುವುದನ್ನೇ ಬಿಟ್ಟ. ಅದಾದ ಕೆಲವು ದಿನಗಳಿಗೆ ಬೆಂಗಳೂರಿಗೆ ಹೊರಟುಹೋದ. ಹೊರಡುವಾಗ ಕಾಲುಮುಟ್ಟಿ ನಮಸ್ಕರಿಸಿದ. ಒಂದು ಮಾತಿನ ಆಕ್ಷೇಪಣೆಯನ್ನೂ ಮಾಡಲಿಲ್ಲ.

ಅವನು ಕೇಳುವುದನ್ನು ಬಿಟ್ಟ ದಿನ ಅವನಿಗೆ ಎಲ್ಲವೂ ತಿಳಿದಿದೆಯೆಂಬುದು ನನಗೆ ತಿಳಿಯಿತು. ಕಿಟಕಿಯ ಹಿಂದೆ ತಲೆ ಎತ್ತಿದ ನಮ್ಮ ತಂದೆಯವರಿಗೂ ಹೀಗೆಯೇ ತಿಳಿದಿರಬೇಕು. ನಾನು ಮೌನವಾಗಿದ್ದು ಅವರಿಗೆ ಏನನ್ನೂ ತೋರಗೊಡಲಿಲ್ಲವೆಂದು ನಲವತ್ತು ವರ್ಷ ನಂಬಿದ್ದೆ. ಮಗನ ಮೌನದ ಎದುರಿಗೆ ನಿಂತಾಗ ಮಾತ್ರ ಮೌನ ಎಷ್ಟು ಗಟ್ಟಿಯಾಗಿ ಕೇಳಿಸುತ್ತದೆಂಬುದು ಗೊತ್ತಾಯಿತು. ಅಷ್ಟು ಹೊತ್ತಿಗೆ ತಂದೆಯವರು ತೀರಿಕೊಂಡು ಬಹಳ ಕಾಲವಾಗಿತ್ತು. ಮಗನಿಗೆ ಮಾತ್ರ ಕಾಗದ ಬರೆದು ನಡೆದುದನ್ನು ನಡೆದಂತೆ ತಿಳಿಸಿದೆ. "ನನಗೆ ಗೊತ್ತಿತ್ತು ಅಪ್ಪಾ. ಹಬ್ಬಕ್ಕೆ ಬರುತ್ತೇನೆ" ಎಂದು ಎರಡು ಸಾಲಿನ ಉತ್ತರ ಬಂತು. ಬಂದ. ಕಾದ ಎರಡು ವರ್ಷ ಅವನಿಗೆ ಹಿಂದಕ್ಕೆ ಬರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಮತ್ತೆ ಮಾತು ನಡೆಯಿತು.

ಆಮೇಲಿನದು ತಮಗೆ ತಿಳಿದ ಇತಿಹಾಸ. ಕಬ್ಬಿಣದ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದೊಳಗೆ ಸೇರಿಹೋಯಿತು. ಕಾಗದದ ಕಾರ್ಖಾನೆಯಲ್ಲಿ 2015ರ ಸುಮಾರಿಗೆ ಕೆಲಸ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಪ್ರಕಟವಾಯಿತು. ಗುತ್ತಿಗೆಯ ಕೆಲಸಗಾರರು ಬಾಗಿಲ ಮುಂದೆ ಧರಣಿ ಕುಳಿತರು. ಅದೇ ವರ್ಷ ಆಗಸ್ಟಿನಲ್ಲಿ ಅದರ ಒಂದು ವಿಭಾಗ ಮತ್ತೆ ನಡೆಯತೊಡಗಿತು. ನನ್ನ ಬಾಲ್ಯದ ಕೆಂಪು ಆಕಾಶ ಮಾತ್ರ ಈಗಿಲ್ಲ.

ಕಳೆದ ಬೇಸಗೆಯಲ್ಲಿ ಮೊಮ್ಮಗಳು ಊರಿಗೆ ಬಂದಿದ್ದಳು, ಎಂಟು ವರ್ಷದವಳು. ಸಂಜೆ ಸೇತುವೆಯ ಮೇಲೆ ನಿಂತಿದ್ದಾಗ ನಾನು ಆ ಬೆಳಕಿನ ಕಥೆಯನ್ನು ಹೇಳಿದೆ. "ಅದನ್ನು ನಿಮ್ಮ ಅಪ್ಪ ಹಚ್ಚುತ್ತಿದ್ದರಾ ಅಜ್ಜ?" ಎಂದು ಕೇಳಿದಳು. ಹೌದೆನ್ನುವುದು ಎಷ್ಟು ಸುಲಭವಾಗಿತ್ತು! "ಇಲ್ಲ ಮಗು. ಹಚ್ಚುವವರಿಗೆಲ್ಲ ಅವರು ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆ ಇಲ್ಲದೆ ಯಾರೂ ಒಳಗೆ ಹೋಗುವ ಹಾಗಿರಲಿಲ್ಲ" ಎಂದೆ. ಅವಳು ಸ್ವಲ್ಪ ಯೋಚಿಸಿ, "ಅವರಿಗೂ ಒಂದು ಬಿಲ್ಲೆ ಇತ್ತಾ?" ಎಂದಳು.

"ಇತ್ತು. ದಿನವೂ ಎಲ್ಲರಿಗಿಂತ ಮುಂಚೆ ಹೋಗಿ ಅದನ್ನು ತೆಗೆದುಕೊಳ್ಳುತ್ತಿದ್ದರು" ಎಂದೆ. ಅದನ್ನು ಹೇಳುವವರೆಗೆ ನಾನು ಎಂದೂ ಯೋಚಿಸಿರಲಿಲ್ಲ: ಊರೆಲ್ಲ ಕೆಲಸಕ್ಕೆ ಹೊರಡುವ ಮೊದಲೇ ಅವರು ಸೇತುವೆಯನ್ನು ದಾಟಿರುತ್ತಿದ್ದರು.

ಇಷ್ಟೇ ನಾನು ಹೇಳಬೇಕೆಂದಿದ್ದುದು. ತಮ್ಮಲ್ಲಿ ಯಾರಿಗಾದರೂ ತಂದೆ ತಾಯಿ ಇನ್ನೂ ಇದ್ದು, ಅವರ ಒಂದು ಹಳೆಯ ಸುಳ್ಳನ್ನು ತಿಳಿದೂ ತಿಳಿಯದವರಂತೆ ತಾವು ಇದ್ದಲ್ಲಿ, ಈ ರಾತ್ರಿ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಏನು ಹೇಳಬೇಕೆಂಬುದು ಆಗ ತಮಗೇ ತೋಚುತ್ತದೆ.